ಬೆಳ್ಳಿ ಕೆಂಪಾಯಿತು, ತೂಕ ಕಡಿಮೆ ಬಂತು: ನಾಲ್ವರ ಒಡವೆ ಕೋಣೆಯಲ್ಲಿ ಏನಾಗುತ್ತಿದೆ?

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಸೇರಿ ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕೈಯಿಂದ ಒಡವೆ ಮಾಡುತ್ತಿದ್ದೇವೆ. ಶುರುಮಾಡಿ ಎಂಟು ತಿಂಗಳಾಯಿತು. ಮೊದಲು ನಾನು ಮಣಿ ಪೋಣಿಸುತ್ತಿದ್ದೆ. ಹೋದ ವರ್ಷ ಬೆಂಗಳೂರಿನಲ್ಲಿ ಹತ್ತು ದಿನ ಬೆಳ್ಳಿ ಕೆಲಸ ಕಲಿತೆ. ನಮ್ಮಲ್ಲೊಬ್ಬರು ಹಿತ್ತಾಳೆ ಕೆಲಸ ಮಾಡುತ್ತಾರೆ. ಹೋದ ವಾರ ಬೆಸುಗೆ ಹಾಕಿ ಆಸಿಡ್ ನೀರಿಗೆ ಬಿಟ್ಟ ಬೆಳ್ಳಿಯೆಲ್ಲಾ ಕೆಂಪು ಬಣ್ಣಕ್ಕೆ ತಿರುಗಿತು. ತಗಡು ಕೊಟ್ಟವರು ಮೋಸ ಮಾಡಿದರಾ? ಒಟ್ಟಿಗೆ ತಂದ 250 ಗ್ರಾಂ ಬೆಳ್ಳಿಯಲ್ಲಿ 14 ಗ್ರಾಂ ಲೆಕ್ಕಕ್ಕೇ ಸಿಗುತ್ತಿಲ್ಲ. ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ, ಆದರೆ ಮನಸ್ಸು ಸರಿಯಿಲ್ಲ. ನಾನು ಇದುವರೆಗೆ ಎಂಟು ಜೊತೆ ಹುಣಸೆ ಎಲೆಯ ಓಲೆ ಮಾಡಿದ್ದೇನೆ. ಅದೇ ತರಹದ್ದನ್ನು ಇನ್ನೊಬ್ಬ ಗೆಳತಿಯೂ ಮಾಡಿ ಮಾರಿದ್ದಾಳೆ. ಬೆಲೆ ಹೇಗೆ ಕಟ್ಟುವುದು ಅನ್ನುವುದೂ ಗೊತ್ತಾಗುತ್ತಿಲ್ಲ. ಕೋಣೆ ಬಿಟ್ಟು ಮನೆಯಲ್ಲೇ ಮಾಡಿಕೊಳ್ಳಲಾ?

ಉತ್ತರ: ಮೊದಲು ಕೆಂಪು ಬಣ್ಣದ ವಿಷಯ. ಅದು ಇವತ್ತೇ ಸರಿಹೋಗುವಂಥದ್ದು. ಅದಕ್ಕಾಗಿ ಅಂಗಡಿಯವರ ಹತ್ತಿರ ಜಗಳ ಆಡಿದ್ದರೆ ಕ್ಷಮೆ ಕೇಳಿಬಿಡಿ.

ನಿಮ್ಮ ತಗಡು ಸ್ಟರ್ಲಿಂಗ್ ಬೆಳ್ಳಿ ಇರಬೇಕು. ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಬರೀ ಬೆಳ್ಳಿ ತುಂಬಾ ಮೆದು, ಓಲೆಯ ಆಕಾರ ನಿಲ್ಲುವುದಿಲ್ಲ. ಅದಕ್ಕೇ ತಾಮ್ರ ಸೇರಿಸುತ್ತಾರೆ. ಬೆಂಕಿ ತಾಗಿದಾಗ ಮೇಲಿರುವ ತಾಮ್ರ ಗಾಳಿ ಜೊತೆ ಸೇರಿ ಕಪ್ಪಾಗುತ್ತದೆ. ಆ ಕಪ್ಪನ್ನು ಆಸಿಡ್ ನೀರು ತಿನ್ನುತ್ತದೆ. ಹಾಗೆ ತಿಂದ ತಾಮ್ರ ಎಲ್ಲೂ ಹೋಗುವುದಿಲ್ಲ, ಆ ನೀರಿನಲ್ಲೇ ಕರಗಿ ಇರುತ್ತದೆ. ಹಳೇ ಆಸಿಡ್ ನೀರು ಹಸಿರು, ನೀಲಿ ಬಣ್ಣಕ್ಕೆ ತಿರುಗಿರುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಅದೇ ತಾಮ್ರ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಆ ನೀರಿಗೆ ಕಬ್ಬಿಣ ಬಿದ್ದಾಗ ಆಟ ಬದಲಾಗುತ್ತದೆ. ಕಬ್ಬಿಣ ತಾನು ಕರಗುತ್ತಾ ನೀರಿನಲ್ಲಿರುವ ತಾಮ್ರವನ್ನು ಹೊರಗೆ ತಳ್ಳುತ್ತದೆ. ಅದು ಬಂದು ಕೂರುವುದು ಪಕ್ಕದಲ್ಲಿ ತಾಗಿಕೊಂಡಿರುವ ನಿಮ್ಮ ಬೆಳ್ಳಿಯ ಮೇಲೆ.

ಹಾಗಾಗಿ ಯಾರೋ ಕಬ್ಬಿಣದ ಚಿಮಟ ಅದ್ದಿದ್ದಾರೆ. ಇಲ್ಲವೇ ಬೆಸುಗೆಗೆ ಮುಂಚೆ ಸುತ್ತಿದ ಕಬ್ಬಿಣದ ಕಟ್ಟುತಂತಿ ಬಿಚ್ಚುವುದನ್ನು ಮರೆತಿದ್ದಾರೆ. ಪಾತ್ರೆಯ ತಳ ತಡಕಿ ನೋಡಿ, ಒಂದು ಸಣ್ಣ ತಂತಿ ತುಂಡು ಸಿಕ್ಕರೂ ಸಿಗಬಹುದು. ಅದನ್ನು ತೆಗೆದರೆ ನೀರು ಮತ್ತೆ ಬಳಸಬಹುದು. ಕೆಂಪಾದ ಒಡವೆಯನ್ನು ಬೆಸುಗೆ ಕರಗದಷ್ಟು ಮೆಲ್ಲಗೆ ಬಿಸಿ ಮಾಡಿ ಕಪ್ಪಾಗಿಸಿ, ಕಬ್ಬಿಣ ಇಲ್ಲದ ನೀರಿಗೆ ಮತ್ತೆ ಬಿಡಿ. ಕೆಂಪು ಬರೀ ಮೇಲಿನ ಪದರ, ಹೋಗುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಎರಡನೇ ಸಲ ಮಾಡಿ. ಇನ್ನು ಮುಂದೆ ಆ ಪಾತ್ರೆಯ ಪಕ್ಕದಲ್ಲಿ ಒಂದು ತಾಮ್ರದ ಚಿಮಟವನ್ನು ದಾರ ಕಟ್ಟಿ ನೇತುಹಾಕಿ. ಬಿದಿರಿನದ್ದಾದರೂ ಸರಿ. ಅದು ಆ ಜಾಗ ಬಿಟ್ಟು ಹೋಗಬಾರದು.

ಇನ್ನೊಂದು ಮಾತು. ಆ ಆಸಿಡ್ ನೀರಿಗೆ ಗಂಧಕಾಮ್ಲ (ಸಲ್ಫ್ಯೂರಿಕ್ ಆಸಿಡ್) ಬಳಸುತ್ತಿದ್ದರೆ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಜನ ಓಡಾಡುವ ಕೋಣೆಗೆ ಅದು ಬೇಡ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಸಿಟ್ರಿಕ್ ಆಸಿಡ್ ಕೊಡುತ್ತಾರೆ. ಬಿಸಿ ನೀರಿಗೆ ಅದನ್ನು ಹಾಕಿದರೆ ಇದೇ ಕೆಲಸ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೆ. ನಮ್ಮ ಮನೆಯಲ್ಲಿ ಅದೂ ಇರಲಿಲ್ಲ. ಅಪ್ಪ ಹುಣಸೆಹಣ್ಣು ಕಿವುಚಿದ ನೀರಿನಲ್ಲೇ ಬೆಳ್ಳಿ ಕುದಿಸುತ್ತಿದ್ದರು. ತುಮಕೂರಿನಲ್ಲಿ ಕೂತು ಹುಣಸೆಗೆ ಬರ ಏನು! ಕಪ್ಪಗೆ ಒಳಗೆ ಹೋದ ಕಾಲುಂಗುರ ಹೊರಗೆ ಬರುವಾಗ ಅನ್ನದ ಹಾಗೆ ಬೆಳ್ಳಗಿರುತ್ತಿತ್ತು. ಹುಳಿ ಮೇಲಿನ ತಾಮ್ರವನ್ನು ಮಾತ್ರ ತಿಂದು, ಅಪ್ಪಟ ಬೆಳ್ಳಿಯ ತೆಳು ಪದರ ಉಳಿಸುತ್ತದೆ. ಅದಕ್ಕೇ ಆ ಬಿಳುಪು. ಆಮೇಲೆ ಅಂಟುವಾಳದ ನೊರೆಯಲ್ಲಿ ಬ್ರಷ್ಷಿನಿಂದ ಉಜ್ಜಿದರೆ ಹೊಳಪು ಬರುತ್ತಿತ್ತು.

ಈಗ 14 ಗ್ರಾಂ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಚುಚ್ಚಿದ್ದು ಇದೇ. ಕದ್ದವರು ಯಾರೂ ಇಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ನಿಮ್ಮ ಹುಣಸೆ ಎಲೆಯ ಓಲೆಯನ್ನೇ ತೆಗೆದುಕೊಳ್ಳೋಣ. ಒಂದು ಕಡ್ಡಿಗೆ ಹದಿನಾಲ್ಕು ಕಿರು ಎಲೆ ಅಂತ ಇಟ್ಟುಕೊಳ್ಳಿ. ಒಂದೊಂದರ ಸುತ್ತ ಗರಗಸ ಓಡಿಸಿದರೆ ಸುಮಾರು 2 ಸೆಂಟಿಮೀಟರ್. ಒಂದು ಓಲೆಗೆ 28, ಜೊತೆಗೆ 56 ಸೆಂಟಿಮೀಟರ್ ಕತ್ತರಿಸಿದಿರಿ. 4/0 ನಂಬರಿನ ಬ್ಲೇಡಿನ ದಪ್ಪ ಸುಮಾರು 0.22 ಮಿಲಿಮೀಟರ್. ತಗಡು 0.8 ಮಿಲಿಮೀಟರ್ ದಪ್ಪ ಅನ್ನಿ. ಬ್ಲೇಡು ಹೋದ ದಾರಿಯಲ್ಲಿದ್ದ ಬೆಳ್ಳಿಯೆಲ್ಲ ಪುಡಿ. 560 ಅನ್ನು 0.22ರಿಂದ, ಮತ್ತೆ 0.8ರಿಂದ ಗುಣಿಸಿದರೆ 98 ಘನ ಮಿಲಿಮೀಟರ್ ಚಿಲ್ಲರೆ. ಸ್ಟರ್ಲಿಂಗ್ ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ 10.4 ಗ್ರಾಂ ಹತ್ತಿರ ತೂಗುತ್ತದೆ. ಅಂದರೆ ಒಂದು ಜೊತೆ ಓಲೆಗೆ ಬರೀ ಗರಗಸದಿಂದಲೇ 1 ಗ್ರಾಂ ಪುಡಿಯಾಯಿತು. ಆಮೇಲೆ ಅಂಚು ಉಜ್ಜುವ ಅರ ಇದೆ, ಮರಳು ಕಾಗದ ಇದೆ, ಪಾಲಿಶ್ ಮೋಟಾರ್ ಇದೆ. ಅವೂ ತಮ್ಮ ಪಾಲು ತಿನ್ನುತ್ತವೆ. ಎಂಟು ಜೊತೆಗೆ ಗರಗಸದ್ದೇ 8 ಗ್ರಾಂ ಆಯಿತಲ್ಲ! ಕಳೆದುಹೋದ 14ರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಮೇಜಿನ ಕೆಳಗೇ ಬಿದ್ದಿದೆ. ಬೇಜಾರು ಮಾಡಿಕೊಳ್ಳಬೇಡಿ, ನಾಲ್ವರಲ್ಲಿ ತುಂಬಾ ನುಣುಪಾದ ಕೆಲಸ ನಿಮ್ಮದೇ ಇರಬೇಕು. ಕೆಲಸ ನುಣುಪಾದಷ್ಟೂ ಪುಡಿ ಜಾಸ್ತಿ.

ಅಪ್ಪ ನನ್ನನ್ನು ಮೊದಲು ಕೂರಿಸಿದ್ದು ಬೆಂಕಿಯ ಮುಂದೆ ಅಲ್ಲ, ತಕ್ಕಡಿಯ ಮುಂದೆ. ಬೆಳಿಗ್ಗೆ ಕೆಲಸದವರಿಗೆ ಬೆಳ್ಳಿ ತೂಗಿ ಕೊಡುವುದು, ಸಂಜೆ ಮಾಡಿದ ಒಡವೆ, ಉಳಿದ ಚೂರು, ಪುಡಿ ಮೂರನ್ನೂ ಬೇರೆ ಬೇರೆ ತೂಗಿ ಬರೆದುಕೊಳ್ಳುವುದು. ಒಂದು ದಿನ ಚಿಕ್ಕಪ್ಪನ ಲೆಕ್ಕ ಕಾಲು ಗ್ರಾಂ ಕಡಿಮೆ ಬಂತು. ಅಪ್ಪನ ಸ್ವಂತ ತಮ್ಮ ಅಲ್ವಾ, ನಾನು ಬರೆಯದೆ ಬಿಟ್ಟೆ. ಅಪ್ಪ ಅವತ್ತು ನನ್ನ ಮೇಲೆ ರೇಗಿದ್ದು ಇನ್ನೂ ನೆನಪಿದೆ. 'ಬರೆದಿದ್ದರೆ ಅದು ತೂಕದ ಮಾತು. ಬರೆಯದಿದ್ದರೆ ನಾಳೆ ಅದು ಅವನ ಮಾತಾಗುತ್ತೆ' ಅಂದರು. ನಿಮ್ಮ ಕೋಣೆಯಲ್ಲಿ ಆಗಿರುವುದು ಇದೇ. ಬರೆಯಲಿಲ್ಲ, ಈಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ.

0.01 ಗ್ರಾಂ ತೋರಿಸುವ ಒಂದು ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ. ದುಬಾರಿಯೇನಲ್ಲ. ಪಕ್ಕದಲ್ಲಿ ಒಂದು ಪುಸ್ತಕ ಇಡಿ. ತೆಗೆದುಕೊಂಡದ್ದು, ಒಡವೆ ಆದದ್ದು, ಚೂರು, ಪುಡಿ, ನಷ್ಟ ಅಂತ ಐದು ಗೆರೆ. ಬೆಳ್ಳಿಯನ್ನು ಒಟ್ಟಿಗೆ ತರಬೇಡಿ ಅಂತ ನಾನು ಹೇಳುವುದಿಲ್ಲ, ಬೆಂಗಳೂರಿನ ನಗರ್ತಪೇಟೆಗೆ ನಾಲ್ಕು ಸಲ ಓಡಾಡುವ ಬದಲು ಒಬ್ಬರೇ ಹೋಗಿಬರುವುದು ಒಳ್ಳೆಯದೇ. ಆದರೆ ತಂದ ದಿನವೇ ತೂಗಿ ಹಂಚಿಕೊಳ್ಳಿ. ನಿಮ್ಮ ಡಬ್ಬಿ ನಿಮ್ಮದು.

ಪುಡಿ ಹಿಡಿಯಲು ಮೇಜಿನ ಕೆಳಗೆ ಒಂದು ಚರ್ಮದ ಇಲ್ಲವೇ ದಪ್ಪ ಬಟ್ಟೆಯ ಜೋಲಿ ಕಟ್ಟಿ. ತೊಡೆಯ ಮೇಲೆ ಅದರ ತುದಿ ಬರಬೇಕು. ಕೋಣೆ ಗುಡಿಸಿದ ಕಸವನ್ನೂ ಎಸೆಯಬೇಡಿ. ಅಕ್ಕಸಾಲಿಗರ ಬೀದಿಯ ಚರಂಡಿ ಮಣ್ಣು ತೊಳೆದು ಚಿನ್ನ ಹುಡುಕಿ ಬದುಕುವವರು ಇದ್ದಾರೆ, ಗೊತ್ತಲ್ಲ. ಸೇರಿದ ಪುಡಿಯ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿದರೆ ಮುರಿದ ಬ್ಲೇಡಿನ ಕಬ್ಬಿಣ ಅಂಟಿಕೊಂಡು ಬರುತ್ತದೆ. ಉಳಿದದ್ದನ್ನು ನೀವೇ ಕರಗಿಸಿ ತಗಡು ಮಾಡಿಕೊಳ್ಳಲು ಹೋಗಬೇಡಿ. ಅದರಲ್ಲಿ ಬೆಸುಗೆಯ ಪುಡಿಯೂ ಸೇರಿರುತ್ತದೆ, ಅದು 925 ಅಂತ ಹೇಳಲು ಆಗುವುದಿಲ್ಲ. ಸಾಕಷ್ಟು ಸೇರಿದ ಮೇಲೆ ಬೆಳ್ಳಿ ಶುದ್ಧ ಮಾಡುವವರಿಗೆ ಕೊಟ್ಟು ಹಣ ತೆಗೆದುಕೊಳ್ಳಿ. ಜೋಲಿಯ ಪುಡಿ ಅವರವರದು, ನೆಲದ ಕಸ ನಾಲ್ವರದು.

ಹಿತ್ತಾಳೆ ಕೆಲಸದ ಗೆಳತಿಯ ವಿಷಯಕ್ಕೆ ಬರುತ್ತೇನೆ. ಹಿತ್ತಾಳೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರು ರೇಡಿಯೋ ರಿಪೇರಿಯವರ ಹಾಗೆ ಸೀಸ, ತವರದ ಬೆಸುಗೆ ಬಳಸುತ್ತಿದ್ದರೆ ಅವರ ಮೇಜು ಕೋಣೆಯ ಇನ್ನೊಂದು ತುದಿಯಲ್ಲಿರಲಿ. ಸೀಸದ ಒಂದು ಕಣ ಬೆಳ್ಳಿಯ ಮೇಲೆ ಕೂತು ಅದಕ್ಕೆ ನೀವು ಬೆಂಕಿ ಹಿಡಿದರೆ, ಆ ಜಾಗದಲ್ಲಿ ಬೆಳ್ಳಿಯನ್ನೇ ತಿಂದು ಗುಂಡಿ ಮಾಡುತ್ತದೆ. ಉಜ್ಜಿದರೂ ಹೋಗದು, ತುಂಬಲೂ ಆಗದು. ನಾನೂ ಮೊದಲು ಒಂದು ಹಂಚಿಕೊಂಡ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ನಾನು ಒಬ್ಬರಿಗೆ ಮಾಡುತ್ತಿದ್ದ ಇಷ್ಟಲಿಂಗದ ಕರಡಿಗೆಯ ಮುಚ್ಚಳಕ್ಕೆ ಹೀಗೇ ಆಯಿತು. ಸಾಸಿವೆ ಕಾಳಿನಷ್ಟು ಒಂದು ಹಳ್ಳ. ಮೂರು ದಿನದ ಕೆಲಸ. ಮುಚ್ಚಳ ಕರಗಿಸಲೂ ಮನಸ್ಸು ಬಾರದೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಬೇರೆಯವರ ಅರವನ್ನು ಸುಮ್ನೆ ಎತ್ತಿಕೊಂಡು ಉಜ್ಜಿದ್ದು ನಾನೇ. ಅದರ ಹಲ್ಲಿನಲ್ಲಿ ಸೀಸ ಕೂತಿತ್ತು.

ಅದಕ್ಕೇ ನಾನು ಹೇಳುವುದು, ಗರಗಸ, ಅರ, ಚಿಮಟ, ಇಕ್ಕಳ ಇವು ಹಂಚಿಕೊಳ್ಳುವ ಸಾಮಾನಲ್ಲ. ಎರಡು ಅರ ಇದ್ದರೂ ಸಾಕು, ನಿಮ್ಮದೇ ಇರಲಿ, ಹಿಡಿಗೆ ಬಣ್ಣದ ದಾರ ಸುತ್ತಿ. ಗ್ಯಾಸ್ ಬೆಂಕಿ, ಪಾಲಿಶ್ ಮೋಟಾರ್, ತಂತಿ ಎಳೆಯುವ ಅಚ್ಚು, ತಗಡು ತಟ್ಟುವ ಅಡಿಗಲ್ಲು ಎಲ್ಲರದಾಗಿರಲಿ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ. ಹಳೇ ಕೆಡಿಎಂ ಒಡವೆಯ ಹೆಸರು ಬಂದದ್ದೇ ಆ ಕ್ಯಾಡ್ಮಿಯಂನಿಂದ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ, ಬಾಗಿಲು ಕಿಟಕಿ ತೆಗೆದಿದ್ದರೂ ಬೇಡ. ಬೆಸುಗೆಗೆ ಹಚ್ಚುವ ಬಿಳಿಗಾರದ (ಬೊರಾಕ್ಸ್) ಹೊಗೆಗೂ ಕಿಟಕಿ ಪಕ್ಕ ಒಂದು ಎಕ್ಸಾಸ್ಟ್ ಫ್ಯಾನ್ ಬೇಕು.

ಪಾಲಿಶ್ ಮೋಟಾರಿನ ಬಗ್ಗೆ ಒಂದೇ ಮಾತು, ಆದರೆ ಇದನ್ನು ಗೋಡೆಗೆ ಬರೆದು ಅಂಟಿಸಿ: ಸರವನ್ನು, ಕಾಲುಚೈನನ್ನು ಕೈಯಲ್ಲಿ ಇಳಿಬಿಟ್ಟುಕೊಂಡು ತಿರುಗುವ ಚಕ್ರಕ್ಕೆ ಹಿಡಿಯಬಾರದು. ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಕೊಂಡು ಬೆರಳನ್ನೂ ಎಳೆದುಕೊಳ್ಳುತ್ತದೆ. ಚೈನನ್ನು ಕೈಯಲ್ಲೇ ಉಜ್ಜಿ. ಜಡೆ ಮೇಲೆ ಕಟ್ಟಿರಲಿ, ದುಪಟ್ಟಾ ಮೊಳೆಗೆ ತಗುಲಿಹಾಕಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಇನ್ನು ಹುಣಸೆ ಎಲೆ. ಇಲ್ಲಿ ನಾನು ನಿಮ್ಮ ಪರ ಪೂರ್ತಿ ನಿಲ್ಲಲಾರೆ. ಹುಣಸೆ ಎಲೆ ಯಾರ ಸ್ವತ್ತೂ ಅಲ್ಲ. ನಿಮ್ಮ ಗೆಳತಿಯೂ ಅದೇ ಮರಗಳ ನೆರಳಲ್ಲಿ ಬೆಳೆದವಳು. ಅವಳು ಎಲೆ ಮಾಡಿದ್ದು ತಪ್ಪಲ್ಲ. ನೀವು ಎಲೆಗೆ ಕೊಟ್ಟ ಬಾಗು, ಕೊಕ್ಕೆ ಕೂರಿಸಿದ ರೀತಿ, ಅಳತೆ ಎಲ್ಲವನ್ನೂ ಹಾಗೇ ಎತ್ತಿಕೊಂಡಿದ್ದರೆ, ಕೇಳದೆ ಮಾಡಿದ್ದರೆ ಅದು ತಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಿರಾ? ನೋಡಿದ ಮೇಲೆ ಅವಳ ಹತ್ತಿರ ಒಬ್ಬಳೇ ಇದ್ದಾಗ ಮಾತಾಡಿ. ಮಿಕ್ಕವರ ಮುಂದೆ ಬೇಡ.

ಕಾನೂನು ಇದೆ. 2000ದ ವಿನ್ಯಾಸ ಕಾಯ್ದೆಯಲ್ಲಿ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ ರಕ್ಷಣೆ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಜನರಿಗೆ ತೋರಿಸಿ ಮಾರುವ ಮೊದಲೇ ಅರ್ಜಿ ಹಾಕಬೇಕು. ನೀವು ಆಗಲೇ ಎಂಟು ಜೊತೆ ಮಾಡಿದ್ದೀರಿ, ನಿಮ್ಮ ಗೆಳತಿ ಅದೇ ತರಹದ್ದನ್ನು ಮಾರಿಯೂ ಆಗಿದೆ. ಹಾಗಾಗಿ ಈ ಓಲೆಗೆ ಆ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ. ಕೋಣೆಯೊಳಗೆ ನೀವೇ ಒಂದು ಒಪ್ಪಂದ ಮಾಡಿಕೊಳ್ಳುವುದು ಸುಲಭ. ಪ್ರತಿಯೊಬ್ಬರಿಗೂ ಒಂದು ಚಿತ್ರದ ಪುಸ್ತಕ, ಬರೆದ ದಿನದ ತಾರೀಕು, ಮೊದಲು ಮಾಡಿದ ಒಡವೆಯ ತೂಕ. ಇನ್ನೊಬ್ಬರ ಪುಸ್ತಕದಲ್ಲಿರುವುದನ್ನು ಮಾಡಬೇಕೆಂದರೆ ಕೇಳಬೇಕು. ಅವರು ಬೇಡ ಅಂದರೆ ಬೇಡ.

ಆದರೂ ನಿಮ್ಮ ಓಲೆ ಉಳಿಯಬೇಕಾದರೆ ನೀವು ಇನ್ನೂ ಒಳಕ್ಕೆ ಹೋಗಬೇಕು. ಒಂದು ಸಂಜೆ ಹುಣಸೆ ಮರದ ಕೆಳಗೆ ನಿಂತು ನೋಡಿ. ಬೆಳಿಗ್ಗೆ ಹರಡಿಕೊಂಡಿದ್ದ ಕಿರು ಎಲೆಗಳು ಕತ್ತಲಾಗುವಾಗ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಈಗ ನೀವು ಮಾಡಿರುವುದು ತಗಡಿನಲ್ಲಿ ಚಪ್ಪಟೆಯಾಗಿ ಕತ್ತರಿಸಿದ ಎಲೆ ಅಂತ ನನ್ನ ಊಹೆ. ಅದನ್ನು ಯಾರು ಬೇಕಾದರೂ ನೋಡಿ ಕತ್ತರಿಸಬಹುದು. ಅರ್ಧ ಮಡಚಿದ ಎಲೆ ಮಾಡಿ ನೋಡಿ. ತಗಡನ್ನು ಕಾಯಿಸಿ ಮೆದು ಮಾಡಬೇಕು. ಲೈಟು ಆರಿಸಿ, ಮಂದ ಕೆಂಪು ಕಂಡ ತಕ್ಷಣ ಬೆಂಕಿ ತೆಗೆಯಿರಿ. ಹಗಲು ಬೆಳಕಿನಲ್ಲಿ ಆ ಕೆಂಪು ಕಾಣುವುದಿಲ್ಲ, ಕಂಡಿತು ಅನ್ನುವಷ್ಟರಲ್ಲಿ ಕರಗುವ ಹತ್ತಿರ ಹೋಗಿರುತ್ತದೆ. ಮೆದುವಾದ ತಗಡಿನಲ್ಲಿ ಕಡ್ಡಿಯ ಎರಡೂ ಬದಿಯ ಎಲೆಗಳನ್ನು ಮರದ ಕೊಡತಿಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆತ್ತಿ. ತುದಿಯ ಎಲೆಗಳು ಜಾಸ್ತಿ ಮುಚ್ಚಿರಲಿ, ಬುಡದವು ಇನ್ನೂ ತೆರೆದಿರಲಿ. ಕಿವಿಯಲ್ಲಿ ಆಡುವಾಗ ಒಳಗೆ ನೆರಳು ಬೀಳುತ್ತದೆ. ಇಂಥದ್ದನ್ನು ಫೋಟೋ ನೋಡಿ ಮಾಡಲು ಬರುವುದಿಲ್ಲ. ಎಷ್ಟು ಬಾಗಿಸಬೇಕು ಅಂತ ಹತ್ತು ಜೊತೆ ಮಾಡಿದ ಕೈಗೆ ಮಾತ್ರ ಗೊತ್ತಿರುತ್ತದೆ.

ಬೆಲೆಗೂ ತೂಕದ ಪುಸ್ತಕವೇ ಬೇಕು. ಒಂದು ಜೊತೆಗೆ 12 ಗ್ರಾಂ ತಗಡು ತೆಗೆದುಕೊಂಡಿರಿ ಅನ್ನಿ. ಓಲೆ 7 ಗ್ರಾಂ ಆಯಿತು, 3.5 ಗ್ರಾಂ ಚೂರು ವಾಪಸ್ ಬಂತು, 1.5 ಗ್ರಾಂ ಪುಡಿ ಮತ್ತು ನಷ್ಟ. ಬೆಳ್ಳಿಯ ಬೆಲೆಯನ್ನು 7ಕ್ಕೆ ಅಲ್ಲ, 8.5 ಗ್ರಾಮಿಗೆ ಹಾಕಿ, ಅದೂ ಇವತ್ತಿನ ದರದಲ್ಲಿ, ನೀವು ತಂದ ದಿನದ ದರದಲ್ಲಿ ಅಲ್ಲ. ಯಾಕೆಂದರೆ ಮುಂದಿನ ಜೊತೆಗೆ ಇವತ್ತಿನ ದರಕ್ಕೇ ಕೊಳ್ಳಬೇಕು. ಕೋಣೆಯ ಬಾಡಿಗೆ, ಕರೆಂಟು, ಗ್ಯಾಸು ಸೇರಿ ತಿಂಗಳಿಗೆ 8,000 ರೂಪಾಯಿ ಆದರೆ ನಿಮ್ಮ ಪಾಲು 2,000. ತಿಂಗಳಿಗೆ 80 ಗಂಟೆ ಕೂರುತ್ತೀರಿ ಅಂದರೆ ಗಂಟೆಗೆ 25. ಓಲೆಗೆ ಆರು ಗಂಟೆ ಹಿಡಿದರೆ ಕೋಣೆಯದ್ದು 150. ನಿಮ್ಮ ಕೂಲಿ ಗಂಟೆಗೆ 150 ಅಂತ ಹಿಡಿದರೆ 900. ಕೊಕ್ಕೆ, ಡಬ್ಬಿ, ಕೊರಿಯರ್ ಬೇರೆ. ಇಷ್ಟು ಸೇರಿಸಿದ್ದು ಅಸಲು. ಅದರ ಮೇಲೆ ಲಾಭ. ಹೆಚ್ಚಿನ ಹೆಂಗಸರು ತಮ್ಮ ಕೂಲಿಯನ್ನು ಲೆಕ್ಕಕ್ಕೇ ಸೇರಿಸುವುದಿಲ್ಲ, 'ಮನೆಕೆಲಸ ಮುಗಿಸಿ ಮಾಡ್ತೀನಲ್ಲ' ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಕೂಲಿ ಬಿಟ್ಟು ಮಾರಿದರೆ ಪಕ್ಕದ ಮೇಜಿನವಳ ಬೆಲೆಯೂ ಬೀಳುತ್ತದೆ.

ಬಿಲ್ಲಿನಲ್ಲಿ ತೂಕ ಮತ್ತು 925 ಬೆಳ್ಳಿ ಅಂತ ಬರೆಯಿರಿ. ಶುದ್ಧತೆ ತೋರಿಸುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹಾಲ್‌ಮಾರ್ಕ್ ಗುರುತನ್ನು ನೀವಾಗಿ ಒತ್ತುವಂತಿಲ್ಲ, ಮಾನ್ಯತೆ ಇರುವ ಪರೀಕ್ಷಾ ಕೇಂದ್ರವೇ ಒತ್ತಬೇಕು. ಚಿನ್ನಕ್ಕೆ 2021ರ ಜೂನ್ 16ರಿಂದ ಹಂತ ಹಂತವಾಗಿ ಅದು ಕಡ್ಡಾಯವಾಯಿತು. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಒಡವೆಗೊಂದರಂತೆ ಆರು ಅಕ್ಷರ, ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಬಂತು, ಆದರೆ ಕಡ್ಡಾಯ ಮಾಡಿರಲಿಲ್ಲ. ಸಾಲ, ಸಲಕರಣೆಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇತ್ತು. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ನಿಮಗೆ ಅನ್ವಯಿಸುತ್ತದೆಯೇ ಅಂತ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ.

ಮನೆಗೆ ಹೋಗಲಾ ಅಂತ ಕೇಳಿದಿರಿ. ಬೇಡ. ಚಿತ್ರ ಬರೆಯುವುದು, ಮಣಿ ಪೋಣಿಸುವುದು, ಕೈಯಲ್ಲಿ ಉಜ್ಜುವುದು ಮನೆಯಲ್ಲಿ ಆಗುತ್ತದೆ. ಬೆಸುಗೆಯ ಹೊಗೆ, ಆಸಿಡ್ ನೀರು, ಬೆಳ್ಳಿ ಪುಡಿ ಅಡುಗೆ ಮಾಡುವ ಜಾಗದಲ್ಲಿ ಇರಕೂಡದು, ಮಕ್ಕಳಿದ್ದರಂತೂ ಇರಲೇಕೂಡದು. ಮತ್ತೆ, ನಿಮ್ಮ ಕೆಲಸ ನೋಡಿ 'ಈ ಅಂಚು ಇನ್ನೂ ಒರಟು' ಅಂತ ಹೇಳುವವರು ಮನೆಯಲ್ಲಿ ಯಾರಿದ್ದಾರೆ?

ಈ ಭಾನುವಾರ ನಾಲ್ವರೂ ಸೇರಿ ಕೋಣೆ ಖಾಲಿ ಮಾಡಿ. ಮೇಜು ಸರಿಸಿ ಮೂಲೆ ಮೂಲೆ ಗುಡಿಸಿ. ಪಾಲಿಶ್ ಮೋಟಾರಿನ ಹಿಂದೆ, ಕಿಟಕಿಯ ಸಂದಿನಲ್ಲಿ, ಚಾಪೆ ಕೊಡವಿದಾಗ ಬಿದ್ದದ್ದು ಯಾವುದನ್ನೂ ಬಿಡಬೇಡಿ. ಅಯಸ್ಕಾಂತ ಆಡಿಸಿ ಕಬ್ಬಿಣ ತೆಗೆದು, ಕೂದಲು ಕಾಗದ ಆರಿಸಿ, ಉಳಿದ ಪುಡಿಯನ್ನು ಎಲ್ಲರ ಎದುರಿಗೇ ತೂಗಿ. ಅದರಲ್ಲಿ ಧೂಳೂ ಇರುತ್ತದೆ, ಪೂರ್ತಿ ಬೆಳ್ಳಿಯ ತೂಕ ಅಂತ ಎಣಿಸಬೇಡಿ. ಎಷ್ಟು ಬಂತು ಅಂತ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು, ನನಗೂ ಒಂದು ಸಾಲು ಬರೆದು ತಿಳಿಸಿ.